ಅಂದಂದಿನ ಪಾಲು, ಪಕ್ಕದವರ ಪಾಲು

ಜನ ದೇವರಿಗೆ ಯಾವ ಯಾವ ಕಾರಣಕ್ಕೆ ಕೃತಜ್ಞತೆ ಹೇಳುತ್ತಾರೆ ಎಂದು ತಿಳಿಯಬೇಕಾದರೆ ಪ್ರಸಂಗ ಕೇಳಿದರೆ ಸಾಲದು, ಕಾಣಿಕೆಯ ಲಕೋಟೆ ಒಡೆಯಬೇಕು. ನಮ್ಮ ಸಭೆಯಲ್ಲಿ ಆ ಕೆಲಸ ನನ್ನದು. ಉಡುಪಿ-ಮಂಗಳೂರು ಹೆದ್ದಾರಿಯಿಂದ ಸ್ವಲ್ಪ ಒಳಕ್ಕಿರುವ, ಬಾಸೆಲ್ ಮಿಷನ್ ಕಾಲದ ಸಣ್ಣ ಸಿ.ಎಸ್.ಐ. ದೇವಾಲಯ ನಮ್ಮದು. ಆದಿತ್ಯವಾರದ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಮಾತಿಗೆ ನಿಂತಿರುವಾಗ ಖಜಾಂಚಿಯಾದ ನಾನೂ ಇನ್ನಿಬ್ಬರೂ ಪಕ್ಕದ ಕೋಣೆಯಲ್ಲಿ ಕುಳಿತು ಎಣಿಸುತ್ತೇವೆ. ಚಿಲ್ಲರೆ ಬೇರೆ, ನೋಟು ಬೇರೆ, ಲಕೋಟೆ ಬೇರೆ. ಲಕೋಟೆಯ ಮೇಲೆ ಹೆಸರು, ಮೊತ್ತ, ಅದರ ಕೆಳಗೆ ಕಾರಣ. ರಿಜಿಸ್ಟರಿಗೆ ಹೆಸರು ಮತ್ತು ಮೊತ್ತ ಮಾತ್ರ ಹೋಗುತ್ತದೆ. ಕಾರಣ ನನ್ನ ತಲೆಯಲ್ಲಿ ಉಳಿಯುತ್ತದೆ.

ಆ ಕಾರಣಗಳನ್ನು ಯಾರ ಗುರುತೂ ಸಿಗದ ಹಾಗೆ ಹೇಳುತ್ತೇನೆ. ಮಗಳ ಹೆರಿಗೆ ಸುಸೂತ್ರವಾಗಿ ಆದದ್ದಕ್ಕೆ. ಎಪ್ರಿಲ್ ಕಳೆದರೂ ಬಾವಿಯ ತಳ ಕಾಣದೇ ಇದ್ದುದಕ್ಕೆ. ಗಂಡ ಕುಡಿಯುವುದನ್ನು ಬಿಟ್ಟು ಒಂದು ತಿಂಗಳಾದದ್ದಕ್ಕೆ. ಹಸು ಕರು ಹಾಕಿದ್ದಕ್ಕೆ. ದುಬಾಯಿಯಿಂದ ಮಗ ಫೋನ್ ಮಾಡಿದ್ದಕ್ಕೆ. ಗಮನಿಸಿ, ಹಣ ಕಳಿಸಿದ್ದಕ್ಕಲ್ಲ. ಈ ಸಲ ಮಂಗಗಳು ತೆಂಗಿನ ತೋಟಕ್ಕೆ ಇಳಿಯದೇ ಇದ್ದುದಕ್ಕೆ. ಒಬ್ಬ ಹಿರಿಯರು ಪ್ರತಿ ತಿಂಗಳೂ ಒಂದೇ ಕಾರಣ ಬರೆಯುತ್ತಾರೆ: ವಿಶೇಷ ಏನೂ ನಡೆಯಲಿಲ್ಲ. ಮೊದಲ ಸಲ ಓದಿದವರಿಗೆ ಅದು ತಮಾಷೆ. ಮನೆಯಲ್ಲಿ ಮೂರ್ಛೆರೋಗದ ಮಗನಿರುವ ತಂದೆಗೆ ವಿಶೇಷ ಏನೂ ನಡೆಯದ ತಿಂಗಳು ಎಂದರೆ ಏನೆಂದು ಗೊತ್ತಿರುವ ನಮಗೆ ಅದು ತಮಾಷೆಯಲ್ಲ.

ದೇವರು ಒದಗಿಸುತ್ತಾನೆ ಎಂಬ ಮಾತಿಗೆ ನಾನು ಕಂಡ ನಂಬಬಹುದಾದ ದಾಖಲೆ ಈ ಲಕೋಟೆಗಳೇ. ಇವುಗಳಲ್ಲಿ ಕಾರಿಲ್ಲ, ಸೈಟಿಲ್ಲ, ಪ್ರಮೋಷನ್ ಅಪರೂಪ. ಹೆಚ್ಚಿನವು ಅಂದಂದಿನ ಪಾಲಿಗೆ ಸಂಬಂಧಪಟ್ಟವು, ಹೆಚ್ಚಿನವುಗಳ ಹಿಂದೆ ಇನ್ನೊಬ್ಬ ಮನುಷ್ಯನ ಕೈ ಇದೆ.

ಇದಕ್ಕೆ ತೀರಾ ವ್ಯತಿರಿಕ್ತವಾದದ್ದನ್ನು ಈಗ ಮೈದಾನಗಳಲ್ಲಿ ಪೆಂಡಾಲು ಹಾಕಿ ನಡೆಸುವ ಕೂಟಗಳಲ್ಲಿ, ಮೊಬೈಲಿನ ವೀಡಿಯೊಗಳಲ್ಲಿ ಕಾಣುತ್ತೇನೆ. ಅಲ್ಲಿ ಸಾಕ್ಷಿ ಹೇಳಲು ಮೈಕಿನ ಮುಂದೆ ಬರುವವರೆಲ್ಲ ಗೆದ್ದವರು. ವೀಸಾ ಸಿಕ್ಕಿದವರು, ಸಾಲ ತೀರಿದವರು, ಗಡ್ಡೆ ಕರಗಿದವರು. ಅದೇ ಪ್ರಾರ್ಥನೆ ಮಾಡಿ ವೀಸಾ ಸಿಗದವನು, ಗಡ್ಡೆ ಕರಗದವಳು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ತನ್ನ ನಂಬಿಕೆಯಲ್ಲೇ ಏನೋ ಕೊರತೆ ಇರಬೇಕು ಎಂದುಕೊಂಡು ಅವಳು ಮನೆಗೆ ಹೋಗುತ್ತಾಳೆ. ಇದರ ಮೇಲೆ ಬೀಜದ ಕಾಣಿಕೆ ಎಂಬ ಇನ್ನೊಂದು ಬೋಧನೆ ಬಂದಿದೆ: ಸಾವಿರ ಬಿತ್ತಿದರೆ ನೂರು ಪಟ್ಟು ಕೊಯ್ಯುತ್ತೀರಿ ಎಂದು. ಕೊಟ್ಟದ್ದಕ್ಕೆ ಇಷ್ಟು ಪಟ್ಟು ವಾಪಸ್ ಎಂಬ ಮಾತನ್ನು ನಾನು ಕೆಲಸ ಮಾಡಿದ ಸಹಕಾರಿ ಸೊಸೈಟಿಯಲ್ಲಿ ಠೇವಣಿ ಕೌಂಟರಿನವರು ಆಡುತ್ತಿದ್ದರು. ಅವರಾದರೂ ರಸೀದಿ ಕೊಡುತ್ತಿದ್ದರು.

ನಾನು ಹೇಳಬೇಕೆಂದಿರುವುದು ಇಷ್ಟೇ. ದೇವರ ಒದಗಿಸುವಿಕೆ ಬಹುಮಾನವಲ್ಲ, ಪಾಲು. ಬಹುಮಾನ ಸಿಕ್ಕಿದವನು ಅದನ್ನು ಎತ್ತಿ ತೋರಿಸುತ್ತಾನೆ. ಪಾಲು ಸಿಕ್ಕಿದವನು ಪಕ್ಕದವನಿಗೆ ಸಿಕ್ಕಿತೇ ಎಂದು ನೋಡಬೇಕಾಗುತ್ತದೆ.

ಪಾಲಿನ ವಿಷಯ ನನಗೆ ಸ್ವಲ್ಪ ಗೊತ್ತು. ನಮ್ಮ ಕಡೆ ವ್ಯವಸಾಯ ಸೇವಾ ಸಹಕಾರಿ ಸಂಘಗಳೇ ಹಲವೆಡೆ ರೇಶನ್ ಅಂಗಡಿಯನ್ನೂ ನಡೆಸುತ್ತವೆ. ನಿವೃತ್ತನಾಗುವವರೆಗೆ ನಾನು ಅಂಥ ಒಂದು ಸಂಘದ ಗುಮಾಸ್ತ. ತಿಂಗಳ ಒಂದಷ್ಟು ದಿನ ಅಕ್ಕಿ, ಸೀಮೆಎಣ್ಣೆಯ ಲೆಕ್ಕ ನನ್ನ ಮೇಜಿಗೆ ಬರುತ್ತಿತ್ತು. ಹಾಗಾಗಿ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯ ಓದುವಾಗಲೆಲ್ಲ ನನಗೆ ರೇಶನ್ ಅಂಗಡಿಯೇ ಕಣ್ಣಿಗೆ ಕಟ್ಟುತ್ತದೆ. ಐಗುಪ್ತದಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ಹಸಿದ ಜನಕ್ಕೆ ದೇವರು ಮನ್ನ ಕೊಡುತ್ತಾನೆ. ಕೊಡುವ ಕ್ರಮ ನೋಡಿ: ತಲೆಗೆ ಒಂದು ಓಮೆರ್, ಗುಡಾರದಲ್ಲಿ ಎಷ್ಟು ತಲೆಯೋ ಅಷ್ಟು. ಬೆಳಿಗ್ಗೆಯೇ ಆರಿಸಿಕೊಳ್ಳಬೇಕು, ಬಿಸಿಲೇರಿದರೆ ಕರಗಿಹೋಗುತ್ತದೆ. ಅಳೆದು ನೋಡಿದಾಗ ಬಾಚಿಕೊಂಡವನ ಬಳಿಯೂ ಬೇಕಾದಷ್ಟೇ, ಕೈಲಾದಷ್ಟು ಆರಿಸಿದ ಮುದುಕನ ಬಳಿಯೂ ಬೇಕಾದಷ್ಟೇ. ನಾಳೆಗಿರಲಿ ಎಂದು ಮುಚ್ಚಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ ದಿನದ ಹಿಂದಿನ ದಿನ ಮಾತ್ರ ಎರಡು ಪಾಲು, ಏಕೆಂದರೆ ಮಾರನೆಯ ದಿನ ರಜೆ. ದಾಸ್ತಾನು ಮಾಡುವಂತಿಲ್ಲ, ಹೆಚ್ಚು ಒಯ್ಯುವಂತಿಲ್ಲ, ಯಾರನ್ನೂ ಬಿಡುವಂತಿಲ್ಲ. ಈಗಿನ ಆಹಾರ ನಿರೀಕ್ಷಕರೂ ತಲೆದೂಗುವ ವ್ಯವಸ್ಥೆ.

ಜನರ ಗೊಣಗಾಟವೂ ಅಲ್ಲಿದೆ. ಮುಂದೆ ಅರಣ್ಯಕಾಂಡದಲ್ಲಿ ಅವರು ಮನ್ನಕ್ಕೆ ಬೇಸತ್ತು ಐಗುಪ್ತದ ಮೀನು, ಸೌತೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅಳುತ್ತಾರೆ. ಇದನ್ನು ಓದಿ ನಾನು ನಗದೆ ಇರಲಾರೆ. ಕರಾವಳಿಯ ಜನ ಗಂಜಿಗೂ ಊಟಕ್ಕೂ ಕುಚ್ಚಲಕ್ಕಿ ಉಣ್ಣುವವರು. ರೇಶನಿನಲ್ಲಿ ಆಗ ಬರುತ್ತಿದ್ದುದು ಬೆಳ್ತಿಗೆ ಅಕ್ಕಿ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಗಿ ಕಿಲೋಗೆ ಒಂದು ರೂಪಾಯಿಗೆ ಅಕ್ಕಿ ಕೊಟ್ಟಾಗಲೂ ಸಾಲಿನಲ್ಲಿ ನಿಂತವರ ಮೊದಲ ಮಾತು, "ಅಣ್ಣಾ, ಈ ಬೆಳ್ತಿಗೆ ಯಾರ ಗಂಟಲಲ್ಲಿ ಇಳಿಯುತ್ತದೆ ಮಾರಾಯ್ರೆ?" ನಾನು ಅದನ್ನು ಕೃತಘ್ನತೆ ಎನ್ನುವುದಿಲ್ಲ. ಹಸಿದವನಿಗೂ ರುಚಿ ಇರುತ್ತದೆ, ಊರಿನ ನೆನಪಿರುತ್ತದೆ. ಕೊಡುವವರು ಅದನ್ನು ಮರೆಯಬಾರದು. ಆದರೆ ಬೈದುಕೊಂಡೇ ಒಯ್ದ ಆ ಅಕ್ಕಿ ಎಷ್ಟೋ ಮನೆಗಳಲ್ಲಿ ದೋಸೆಯಾಯಿತು, ನೀರುದೋಸೆಯ ಬೆಳಗಿಗೆ ಮಕ್ಕಳು ಶಾಲೆಗೆ ಹೋದರು ಎಂಬುದೂ ನಿಜ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರದ ಬೇಡಿಕೆ ಒಂದೇ ದಿನದ್ದು. ವರ್ಷದ ಅಕ್ಕಿ ಹುಲ್ಲಿನ ಮುಡಿಯಲ್ಲಿ ಕಟ್ಟಿಡುವ ಮನೆತನದವರೂ, ಅಂದು ಸಂಜೆಯ ಕೂಲಿಯಲ್ಲಿ ಅಕ್ಕಿ ಕೊಳ್ಳುವವರೂ ಅದನ್ನು ಒಟ್ಟಿಗೆ ನಿಂತು ಒಂದೇ ಧ್ವನಿಯಲ್ಲಿ ಹೇಳುತ್ತಾರೆ. ಉಳ್ಳವನು ಅದನ್ನು ಹೇಳುವಾಗ ತನ್ನ ಪಕ್ಕದಲ್ಲಿ ನಿಂತ ಇಲ್ಲದವನ ಪರವಾಗಿಯೂ ಕೇಳುತ್ತಿದ್ದಾನೆ. ಕೇಳಿದ ಮೇಲೆ, ಅದು ತನ್ನ ಮುಡಿಯಿಂದಲೇ ಹೋಗಬೇಕಾಗಿ ಬಂದರೆ ಇಲ್ಲ ಎನ್ನುವಂತಿಲ್ಲ.

ಒದಗಿಸುವಿಕೆ ಮನುಷ್ಯರ ಕೈಯಿಂದ ಬರುತ್ತದೆ ಎಂಬುದಕ್ಕೆ ನಮ್ಮ ಸಮುದಾಯದ ಚರಿತ್ರೆಯೇ ಸಾಕು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರೈಸ್ತರಾದವರು ಮನೆ ಕಳೆದುಕೊಂಡರು, ಕುಟುಂಬದ ಆಸ್ತಿಯ ಹಕ್ಕು ಕಳೆದುಕೊಂಡರು, ಹಲವರು ಕಸುಬನ್ನೇ ಕಳೆದುಕೊಂಡರು. ಶೇಂದಿ ಇಳಿಸುವವನು ಸಭೆಗೆ ಸೇರಿದರೆ ಶೇಂದಿ ಬಿಡಬೇಕಿತ್ತು. ಬಿಟ್ಟರೆ ತಿನ್ನುವುದೇನು? ದೇವರು ನೋಡಿಕೊಳ್ಳುತ್ತಾನೆ ಎಂದು ಹೇಳಿ ಮಿಷನರಿಗಳು ಸುಮ್ಮನಾಗಲಿಲ್ಲ. 1841ರಲ್ಲಿ ಮುದ್ರಣಾಲಯ ಬಂತು, ಕೆಲವು ವರ್ಷಗಳಲ್ಲಿ ನೇಯ್ಗೆ ಬಂತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆಯ ಆವೆಮಣ್ಣು ಊರವರಿಗೆ ಹೊಸದಾಗಿರಲಿಲ್ಲ, ಕುಂಬಾರರು ಅದನ್ನು ತಲೆಮಾರುಗಳಿಂದ ಬಲ್ಲರು. ಹೊಸದಾಗಿದ್ದುದು ಒಂದರೊಳಗೊಂದು ಕೂರುವ ಹೆಂಚಿನ ಅಚ್ಚು ಮತ್ತು ತಿಂಗಳ ಸಂಬಳ. ಮಂಗಳೂರು ಹೆಂಚು ಊರೂರಿನ ಮಾಡಿಗೆ ಏರಿತು. ಕೆಲಸ ಇಲ್ಲದವರಿಗೆ ಕೆಲಸ ಸಿಕ್ಕಿತು.

ನನ್ನ ಮುತ್ತಜ್ಜ ಮಲ್ಪೆಯ ಹೆಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಕಟ್ಟಿಗೆ ಹಾಕುವವನಾಗಿದ್ದ. ಬೆಳಿಗ್ಗೆ ಪ್ರಾರ್ಥನೆಯ ಗಂಟೆ, ಆಮೇಲೆ ಕಾರ್ಖಾನೆಯ ಗಂಟೆ. ತಡವಾದರೆ ಎರಡಕ್ಕೂ ಬೈಗಳು ಎಂದು ಅಜ್ಜ ಹೇಳುತ್ತಿದ್ದರು. ಆ ವ್ಯವಸ್ಥೆಯಲ್ಲಿ ಬಿಗಿಯೂ ಇತ್ತು, ದೊರೆತನವೂ ಇತ್ತು. ನಾನು ಅದನ್ನು ಸ್ವರ್ಗವೆಂದು ಬಣ್ಣಿಸುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ದೇವರ ಒದಗಿಸುವಿಕೆ ಎಂದರೆ ಆಕಾಶದಿಂದ ಬಿದ್ದ ರೊಟ್ಟಿಯ ಚಿತ್ರ ಯಾರಿಗೂ ಬರುವುದಿಲ್ಲ. ಮಣ್ಣು, ಬೆಂಕಿ, ಸಂಬಳದ ಚೀಟಿ, ಇವು ಬರುತ್ತವೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಹೊರಗೆ ಹಾಕಿದರು, ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಇನ್ನು ನಮ್ಮ ಗತಿ ಏನು ಎಂದು ಆಗ ಅನೇಕರು ಹೆದರಿದ್ದಿರಬೇಕು. ಸಭೆಗಳು ಉಳಿದವು, ಏಕೆಂದರೆ ಅಷ್ಟು ಹೊತ್ತಿಗೆ ಊರವರೇ ಸಭಾಪಾಲಕರಾಗಿದ್ದರು, ಉಪಾಧ್ಯಾಯರಾಗಿದ್ದರು, ಮನೆಮನೆಯ ಹೆಂಗಸರು ಅಡುಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಡುತ್ತಿದ್ದರು.

ಹಿಡಿ ಅಕ್ಕಿಯ ಈ ಪದ್ಧತಿಯನ್ನು ಇವತ್ತಿಗೂ ದೊಡ್ಡ ಪ್ರಮಾಣದಲ್ಲಿ ಉಳಿಸಿಕೊಂಡವರು ಮಿಜೋರಾಮಿನ ಕ್ರೈಸ್ತರು. ಅಲ್ಲಿ 1910ರ ಸುಮಾರಿಗೆ ಅದು ಆರಂಭವಾಯಿತು. ಅಡುಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿ ಬೇರೆ ಪಾತ್ರೆಗೆ. ವಾರಕ್ಕೊಮ್ಮೆ ಹೆಂಗಸರು ಮನೆಮನೆಗೆ ಹೋಗಿ ಕೂಡಿಸುತ್ತಾರೆ, ಮಾರಿದ ಹಣ ಸಭೆಯ ಕೆಲಸಕ್ಕೆ. ನನ್ನ ತಾಯಿಯ ಅಡುಗೆಮನೆಯಲ್ಲೂ ಅಂಥ ಒಂದು ಹಿತ್ತಾಳೆಯ ಚೆಂಬು ಇತ್ತು. ಆಟಿ ತಿಂಗಳಲ್ಲಿ ನಮ್ಮದೇ ಡಬ್ಬಿ ಬರಿದಾಗುತ್ತಾ ಬಂದಾಗ ಚೆಂಬಿಗೆ ಹೋಗುವ ಹಿಡಿ ಸಣ್ಣದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅದು ದೇವರಿಗೆ ಎನ್ನುತ್ತಿದ್ದಳು ಅಮ್ಮ. ಮನೆಯಲ್ಲಿ ಇನ್ನಷ್ಟು ತೊಂದರೆಯಾದ ವರ್ಷ ಸಭೆಯ ಆ ಅಕ್ಕಿಯಿಂದಲೇ ಒಂದು ಚೀಲ ನಮ್ಮ ಜಗಲಿಗೂ ಬಂತು. ತಂದವರು ಅಕ್ಕಿಯ ಮಾತೆತ್ತದೆ ಮಳೆಯ ಮಾತಾಡಿ ಹೋದರು.

ಈಗ ಚೆಂಬು ಹೋಗಿದೆ, ಬೆಳೆಹಬ್ಬ ಉಳಿದಿದೆ. ವರ್ಷಕ್ಕೊಮ್ಮೆ ಜನ ತಮ್ಮಲ್ಲಿ ಬೆಳೆದದ್ದನ್ನು, ಸಾಕಿದ್ದನ್ನು, ಮಾಡಿದ್ದನ್ನು ದೇವಾಲಯಕ್ಕೆ ತರುತ್ತಾರೆ. ಬಾಳೆಗೊನೆ, ಮಂಗಳೂರು ಸೌತೆ, ಹರಿವೆ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಊರಕೋಳಿ, ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ, ಸೊಸೆ ಯೂಟ್ಯೂಬ್ ನೋಡಿ ಮಾಡಿದ ಕೇಕ್. ಆರಾಧನೆಯ ನಂತರ ಅಂಗಳದಲ್ಲಿ ಏಲಂ. ಕೂಗುವವರ ಗಂಟಲು, ಕೊಳ್ಳುವವರ ಜಂಬ, ಮಕ್ಕಳ ಗಲಾಟೆ, ನೋಡಬೇಕಾದ ದೃಶ್ಯ. ಒಂದು ವರ್ಷ ಒಬ್ಬರು ಅಜ್ಜಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಕಟ್ಟು ಬಸಳೆ ತಂದಿದ್ದರು. ಸಂತೆಯಲ್ಲಿ ಮೂವತ್ತು ನಲವತ್ತು ರೂಪಾಯಿಯ ಮಾಲು. ಏಲಂ ನೂರರಿಂದ ಶುರುವಾಯಿತು. ಇನ್ನೂರು ಎಂದರು ಯಾರೋ. ಬೆಂಗಳೂರಿನಿಂದ ರಜೆಗೆ ಬಂದ ಸಾಫ್ಟ್‌ವೇರಿನವರೊಬ್ಬರು ಐನೂರು ಎಂದರು. ಮೀನಿನ ವ್ಯಾಪಾರದವರು ಬಿಡಲಿಲ್ಲ. ಎಂಟುನೂರಕ್ಕೆ ಕೊಂಡವರು ಕಟ್ಟನ್ನು ಮೇಜಿನ ಮೇಲೆ ವಾಪಸ್ ಇಟ್ಟು, ಇನ್ನೊಮ್ಮೆ ಕೂಗಿ ಎಂದರು. ಮತ್ತೆ ಕೂಗಿದರು, ಮತ್ತೆ ಹೋಯಿತು. ಅಜ್ಜಿ ಕಂಬಕ್ಕೊರಗಿ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದರು. ಕೊನೆಗೆ ಅದನ್ನು ಒಯ್ದವರಿಗೆ, "ಬೇಗ ಅಡುಗೆ ಮಾಡು ಮಗಾ, ಎಲೆ ಬಾಡಿಯಾಯಿತು" ಎಂದರು. ಅವರ ಬಸಳೆ ಅವತ್ತು ಸಾವಿರಗಟ್ಟಲೆ ತಂದಿತು. ಆ ಹಣ ಬಡವರ ನಿಧಿಗೆ ಹೋಯಿತು. ಅದೇ ವರ್ಷ ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್ನಿಗೆ ಸಭೆ ಕೊಟ್ಟದ್ದೂ ಆ ನಿಧಿಯಿಂದಲೇ. ಲೆಕ್ಕ ನಾನೇ ಬರೆದದ್ದು.

ನಮ್ಮ ನೆರೆಯ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ತೆನೆಹಬ್ಬ ಹೀಗೆಯೇ. ಮರಿಯಮ್ಮನವರ ಹುಟ್ಟಿದ ದಿನ ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದಿಷ್ಟು ಕೊಡುತ್ತಾರೆ. ಆ ಕಾಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತಿನ್ನುತ್ತಾರೆ, ಅಂದು ಮೀನು ಮಾಂಸ ಇಲ್ಲ. ಗದ್ದೆ ಮಾರಿದವರೂ, ಗಲ್ಫಿನ ಫ್ಲ್ಯಾಟಿನಲ್ಲಿ ಇರುವವರೂ ಆ ನಾಲ್ಕು ಕಾಳು ಬಿಡುವುದಿಲ್ಲ. ಹಿಂದೂ ನೆರೆಯವರು ಮನೆಗೆ ತೆನೆ ತುಂಬಿಸಿಕೊಂಡು ಕದಿರು ಕಟ್ಟುವುದೂ ಹೆಚ್ಚುಕಡಿಮೆ ಅದೇ ಋತುವಿನಲ್ಲಿ. ದೇವರು ಎಲ್ಲರನ್ನೂ ಸಲಹುತ್ತಾನೆ ಎನ್ನುವ ಕನಕದಾಸರ ಕೀರ್ತನೆ ಕೇಳಿ ಬೆಳೆದವರಿಗೆ, ಬಿತ್ತದ ಕೊಯ್ಯದ ಆಕಾಶದ ಹಕ್ಕಿಗಳಿಗೂ ದೇವರು ಉಣಿಸುತ್ತಾನೆ ಎಂಬ ಯೇಸುವಿನ ಮಾತು ಅರ್ಥವಾಗಲು ನಮ್ಮ ವ್ಯಾಖ್ಯಾನ ಬೇಕಿಲ್ಲ.

ಆದರೂ ಹಕ್ಕಿಗಳ ಮಾತನ್ನು ಸಲೀಸಾಗಿ ಆಡಿಬಿಡಬಾರದು. ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿ ತಂದವು ಎಂದು ಓದುತ್ತೇವೆ. ಹಸಿದವರೆಲ್ಲರಿಗೂ ಕಾಗೆ ರೊಟ್ಟಿ ತಂದಿಲ್ಲ. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯ ಹೆತ್ತವರನ್ನೇ ನೋಡಿ. ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ದಿಟ್ಟ. ಆ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಾ ಪುರಾಣ ಓದಿ ಬದುಕಿತು. 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ಹಸಿವಿನಿಂದ ಕುಗ್ಗಿ ತೀರಿಕೊಂಡರು. ಅವರಲ್ಲಿ ಭಕ್ತಿಗೆ ಕೊರತೆ ಇತ್ತೇ? ಇರಲಿಲ್ಲ. ಆ ದಶಕದ ಕೊನೆಯಲ್ಲಿ, 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು, ಬಳ್ಳಾರಿ ಸೀಮೆಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಅವರೆಲ್ಲ ಪ್ರಾರ್ಥಿಸದೆ ಸತ್ತರೇ? ಇಂಥ ಪ್ರಶ್ನೆಯ ಮುಂದೆ ಪೆಂಡಾಲಿನ ಬೋಧಕರ ಲೆಕ್ಕ ನಿಲ್ಲುವುದಿಲ್ಲ.

ರಮಾಬಾಯಿ ಮುಂದೆ ಕ್ರೈಸ್ತರಾದರು. ಆದರೂ ತನ್ನ ತಂದೆ ತಾಯಿಯ ಸಾವಿಗೆ ಒಂದು ಸುಲಭ ವಿವರಣೆ ಹುಡುಕುತ್ತಾ ಕೂರಲಿಲ್ಲ. 1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರ ಬಿದ್ದಾಗ ತಾವೇ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ಇರಿಸಿದರು. ಬಾವಿ ತೋಡಿಸಿದರು, ಬೇಸಾಯ ಮಾಡಿಸಿದರು, ಮುದ್ರಣಾಲಯ ಹಾಕಿ ಹೆಣ್ಣುಮಕ್ಕಳಿಗೇ ಮೊಳೆ ಜೋಡಿಸಲು ಕಲಿಸಿದರು. ಹಸಿವಿನಿಂದ ಬದುಕಿ ಉಳಿದವಳು ಹಸಿದವರ ಊಟದ ವ್ಯವಸ್ಥೆಗೆ ನಿಂತಳು. ದೇವರು ಯಾಕೆ ಒದಗಿಸಲಿಲ್ಲ ಎಂಬ ಪ್ರಶ್ನೆಗೆ ಆಕೆಯ ಬದುಕಿನಲ್ಲಿ ಉತ್ತರ ಸಿಗುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಏನು ಮಾಡಬಹುದು ಎಂಬುದು ಕಾಣಿಸುತ್ತದೆ.

ಒದಗಿಸುವಿಕೆಯ ಲೆಕ್ಕ ಕೂಡದೇ ಹೋದ ಕಡೆ ದೇವರ ಸನ್ನಿಧಿ ಇರುತ್ತದೆಯೇ? ಇದಕ್ಕೆ ನನ್ನ ಬಳಿ ಒಂದು ಲಕೋಟೆಯ ಸಾಕ್ಷಿ ಇದೆ. ನಮ್ಮ ಸಭೆಯ ಒಬ್ಬರಿಗೆ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಲು ಸರದಿಯ ಪಟ್ಟಿಯೊಂದು ತಾನಾಗಿಯೇ ಹುಟ್ಟಿತು: ಸೋಮವಾರ ಸಭೆಯ ಒಬ್ಬ ತರುಣ, ಗುರುವಾರ ಪಕ್ಕದ ಮನೆಯ ಬ್ಯಾರಿ ಹುಡುಗ ತನ್ನ ಓಮ್ನಿಯಲ್ಲಿ. ಯಾರೋ ಗಂಜಿ ಕಳಿಸುತ್ತಿದ್ದರು, ಯಾರೋ ಮಗಳ ಫೀಸು ಕಟ್ಟಿದರು. ಗುಣವಾಗಲಿ ಎಂದು ಎಲ್ಲರೂ ಪ್ರಾರ್ಥಿಸಿದೆವು. ಗುಣವಾಗಲಿಲ್ಲ. ಅವರು ತೀರಿಕೊಂಡು ಕೆಲವು ವಾರ ಕಳೆದ ಮೇಲೆ ಅವರ ಹೆಂಡತಿಯ ಲಕೋಟೆ ಬಂತು. ಒಳಗೆ ಇನ್ನೂರು ರೂಪಾಯಿ. ಮೇಲೆ ಬಾಲ್‌ಪೆನ್ನಿನಲ್ಲಿ ಗಟ್ಟಿಯಾಗಿ ಒತ್ತಿ ಬರೆದಿತ್ತು: ಅವರು ಹೋದರು, ಆದರೆ ಆ ದಿನಗಳಲ್ಲಿ ನಮ್ಮನ್ನು ಒಂಟಿ ಬಿಡಲಿಲ್ಲ, ಅದಕ್ಕಾಗಿ. ಬಿಡದೇ ಇದ್ದವರು ಯಾರು, ದೇವರೋ ಜನರೋ ಎಂದು ಆಕೆ ಬರೆದಿರಲಿಲ್ಲ. ಅದನ್ನು ಬಿಡಿಸಿ ಬರೆಯುವ ಅಗತ್ಯ ಆಕೆಗೆ ಕಂಡಿರಲಿಕ್ಕಿಲ್ಲ. ನನಗೂ ಕಾಣುವುದಿಲ್ಲ.

ದೇವರ ಸನ್ನಿಧಿ ಎಂದಾಗ ನಮ್ಮಲ್ಲಿ ಹಲವರು ಮೌನ, ಬೆಟ್ಟ, ಉಪವಾಸದ ಕೂಟ ಎಂದುಕೊಳ್ಳುತ್ತಾರೆ. ಅದನ್ನು ಅಡುಗೆಮನೆಯಲ್ಲಿ ಕಂಡವರೂ ಇದ್ದಾರೆ. ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ಸಹೋದರನಿದ್ದ. ಯುದ್ಧದಲ್ಲಿ ಗಾಯಗೊಂಡು ಬಂದ ಮಾಜಿ ಸೈನಿಕ. ಮಠದಲ್ಲಿ ಅವನಿಗೆ ಸಿಕ್ಕ ಕೆಲಸ ಅಡುಗೆಮನೆಯದು, ಅವನಿಗೆ ಮೊದಲಿನಿಂದ ಇಷ್ಟವಿಲ್ಲದ್ದು. ವರ್ಷಗಟ್ಟಲೆ ಪಾತ್ರೆಗಳ ನಡುವೆ ಕಳೆದ, ಆಮೇಲೆ ಚಪ್ಪಲಿ ರಿಪೇರಿಗೆ ಕುಳಿತ. ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ತನ್ನೊಳಗೆ ವ್ಯತ್ಯಾಸ ಉಳಿದಿಲ್ಲ ಎಂಬಲ್ಲಿಗೆ ಮುಟ್ಟಿದ. 1691ರಲ್ಲಿ ಅವನು ಸತ್ತ ಮೇಲೆ ಅವನ ಪತ್ರಗಳೂ ಮಾತುಗಳೂ ಪುಸ್ತಕವಾಗಿ ಜಗತ್ತನ್ನೇ ಸುತ್ತಿದವು. ನನಗೆ ಅವನು ಹಿಡಿಸುವುದು ಆ ಇಷ್ಟವಿಲ್ಲದ ಕೆಲಸದ ಕಾರಣಕ್ಕೆ. ತಕ್ಕಡಿಯ ಮುಂದೆ ಕೂರುವುದು ನನಗೂ ಇಷ್ಟವಿರಲಿಲ್ಲ. ಗೋಣಿಯ ದೂಳು, ಸೀಮೆಎಣ್ಣೆಯ ವಾಸನೆ, ತೂಕದ ಬಗ್ಗೆ ಜಗಳ. ಆದರೆ ದೇವರ ಸನ್ನಿಧಿಯನ್ನು ನಾನು ಕಂಡದ್ದೂ ಅಲ್ಲಿಯೇ.

ಒಂದನ್ನು ಹೇಳುತ್ತೇನೆ. ರೇಶನ್ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದ ಮೇಲೆ ಹೆಚ್ಚು ಪಾಡುಪಟ್ಟವರು ಬೀಡಿ ಕಟ್ಟುವ ಹೆಂಗಸರು. ಎಲೆ ಸುತ್ತಿ ಸುತ್ತಿ ಅವರ ಬೆರಳಿನ ಗೆರೆ ಸವೆದಿರುತ್ತದೆ. ಒಬ್ಬರು ಮುದುಕಿ ಹೆಬ್ಬೆರಳು ಒತ್ತಿದರು, ಯಂತ್ರ ಒಪ್ಪಲಿಲ್ಲ. ತೋರುಬೆರಳು, ಅದೂ ಇಲ್ಲ. "ತಲೆಗೆ ಒರೆಸಿ ಒತ್ತಿ ಅಮ್ಮ" ಎಂದೆ; ಕೂದಲಿನ ಎಣ್ಣೆ ತಾಗಿದರೆ ಕೆಲವೊಮ್ಮೆ ಹಿಡಿಯುತ್ತದೆ. ಒರೆಸಿ ಒತ್ತಿದರು, ಆಗಲಿಲ್ಲ. ಫೋನಿಗೆ ಬರುವ ನಂಬರು ಕೊಡಿ ಎಂದರೆ ಫೋನು ಮಗನ ಬಳಿ, ಮಗ ಮುಂಬೈಯಲ್ಲಿ. ನಾಳೆ ಬನ್ನಿ ಎನ್ನುವುದು ಬಿಟ್ಟು ನಿಯಮದಲ್ಲಿ ನನಗೆ ಬೇರೆ ದಾರಿ ಇರಲಿಲ್ಲ. ಹಿಂದೆ ನಿಂತಿದ್ದ ರಿಕ್ಷಾದ ಹುಡುಗ ತನ್ನ ಅಕ್ಕಿ ತೂಗಿಸಿಕೊಂಡ. ಜಗಲಿಯಲ್ಲಿ ಕುಳಿತು ಅದರ ಅರ್ಧದಷ್ಟನ್ನು ಆಕೆಯ ಚೀಲಕ್ಕೆ ಸುರಿದ. "ನಿಮ್ಮದು ಬಂದಾಗ ಕೊಡಿ ಅಮ್ಮ, ಬಾರದಿದ್ದರೆ ಬಿಡಿ" ಎಂದ. ಮುದುಕಿ ತುಳುವಿನಲ್ಲಿ, "ದೇವೆರ್ ಉಲ್ಲೆರ್" ಎಂದರು,  ದೇವರಿದ್ದಾನೆ ಎಂದು. ಹುಡುಗ ಮಾತ್ರ ಆ ಯಂತ್ರ ತಂದವರ ಮೂರು ತಲೆಮಾರನ್ನು ಬೈಯುತ್ತಾ ರಿಕ್ಷಾ ಸ್ಟಾರ್ಟ್ ಮಾಡಿದ.

ಇಬ್ಬರ ಮಾತೂ ಸರಿ ಎಂದು ನನ್ನ ಅಭಿಪ್ರಾಯ. ದೇವರಿದ್ದಾನೆ ಎನ್ನುವವರು ಯಂತ್ರವನ್ನು ಬೈಯುವುದನ್ನು ಬಿಡಬೇಕಿಲ್ಲ. ಆಕೆಗೆ ಬರಬೇಕಾದ ಪಾಲು ಆಕೆಯ ಹಕ್ಕು. ಹುಡುಗನ ಒಳ್ಳೆಯತನ ಆ ಹಕ್ಕಿನ ಬದಲಿಗೆ ಬರುವುದಲ್ಲ. ಸಂತ ಪೌಲನು ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರ ಬಳಿ ಹಣ ಕೇಳುವಾಗ ಅದೇ ಮನ್ನದ ಅಧ್ಯಾಯವನ್ನು ಎತ್ತಿ ಹೇಳುತ್ತಾನೆ. ನಿಮ್ಮಲ್ಲಿ ಮಿಕ್ಕಿದ್ದು ಅವರ ಕೊರತೆಗೆ, ಅವರಲ್ಲಿ ಮಿಕ್ಕಿದ್ದು ನಾಳೆ ನಿಮ್ಮ ಕೊರತೆಗೆ. ಸಮಾನತೆ ಬರಲಿ ಎಂಬುದು ಅವನ ವಾದ. ಮರುಭೂಮಿಯಲ್ಲಿ ಮನ್ನವನ್ನು ಸಮನಾಗಿಸಿದ್ದು ದೇವರು. ಊರೊಳಗೆ ಆ ಕೆಲಸ ನಮಗೆ ಬಿದ್ದಿದೆ. ಖಜಾಂಚಿಗಳೆಲ್ಲ ಈ ಮಾತನ್ನು ಗೋಡೆಗೆ ತೂಗುಹಾಕಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಸಭೆಗಳ ಮಟ್ಟಿಗೆ ಎರಡು ಸಲಹೆ. ಮೊದಲನೆಯದು, ಸಾಕ್ಷಿ ಹೇಳುವ ಕೂಟಗಳಲ್ಲಿ ಕೇಳಿದ್ದು ಸಿಗದವರಿಗೂ ಮೈಕು ಕೊಡಿ. ಕೊಟ್ಟು, ಯಾರೂ ಮಧ್ಯೆ ಬಾಯಿ ಹಾಕಿ ಸಮಾಧಾನ ಹೇಳದೆ ಕೇಳಿ. ಸಿಕ್ಕಿದವರು ಮಾತಾಡುವಾಗ ಅದು ಯಾರ ಕೈಯಿಂದ ಬಂತು ಎಂದೂ ಹೇಳಲಿ: ರಕ್ತ ಕೊಟ್ಟವನು, ಜಾಮೀನು ನಿಂತವನು, ರಾತ್ರಿ ಆಸ್ಪತ್ರೆಯಲ್ಲಿ ಕೂತವಳು. ಅವರು ಯಾವ ಜಾತಿ, ಯಾವ ಧರ್ಮ ಎಂದು ನೋಡಬೇಡಿ. ದೇವರ ಮಹಿಮೆಗೆ ಇದರಿಂದ ಕಡಿಮೆಯಾಗುವುದಿಲ್ಲ.

ಎರಡನೆಯದು ದುಡ್ಡಿನ ವಿಷಯ. ಸಭೆಗಳ ಬಜೆಟ್ಟಿನಲ್ಲಿ ಬಡವರ ನಿಧಿ ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲಿ ಇರುತ್ತದೆ. ಸುಣ್ಣಬಣ್ಣ, ಕರೆಂಟು ಬಿಲ್ಲು, ಕನ್ವೆನ್ಷನ್ ಖರ್ಚು ಎಲ್ಲ ಕಳೆದು ಉಳಿದದ್ದು ಅದಕ್ಕೆ. ಮುಂದಿನ ವಾರ್ಷಿಕ ಸಭೆಯಲ್ಲಿ ಅದನ್ನು ಮೊದಲ ಸಾಲಿಗೆ ತರಬೇಕೆಂದು ನಾನು ಸೂಚನೆ ಇಡಲಿದ್ದೇನೆ. ನಮ್ಮ ವಠಾರದಲ್ಲಿ ಬೆರಳಚ್ಚು ಕೂಡದೆ ಅಕ್ಕಿ ಸಿಗದವರು ಯಾರು, ಔಷಧ ಅರ್ಧಕ್ಕೆ ನಿಲ್ಲಿಸಿದವರು ಯಾರು ಎಂಬ ಪಟ್ಟಿ ಮೊದಲು. ಕ್ರೈಸ್ತರದ್ದು ಮಾತ್ರವಲ್ಲ, ವಠಾರದ್ದು. ಉಳಿದ ಖರ್ಚು ಆಮೇಲೆ. ವಿರೋಧ ಬರುತ್ತದೆ ಎಂದು ಗೊತ್ತಿದೆ, ಏಕೆಂದರೆ ಹೊಸ ಧ್ವನಿವರ್ಧಕ ಬೇಕೆಂದು ತರುಣರ ಸಂಘದ ಒತ್ತಾಯ ಬಹಳ ದಿನದಿಂದ ಇದೆ. ಅದು ಇನ್ನೂ ಒಂದು ವರ್ಷ ಕಾಯಲಿ. ನಮ್ಮ ಸಭಾಪಾಲಕರ ಗಂಟಲು ಗಟ್ಟಿಯಿದೆ, ದೇವಾಲಯವೂ ಅಷ್ಟೇನೂ ದೊಡ್ಡದಲ್ಲ.